ಕಪ್ಪು ಕಡತ, ಬಿಳಿಯ ಹಾಳೆ

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ‘ಕಡತ’ ಎಂಬ ಮಾತು ಪರಿಚಿತವೇ. ಕಡತ ಮೇಲಿನವರ ಬಳಿ ಹೋಗಿದೆ, ಕಡತ ಇನ್ನೂ ಕೆಳಗೆ ಬಂದಿಲ್ಲ, ಕಡತ ಸಿಕ್ಕುತ್ತಿಲ್ಲ—ಈ ಮೂರು ಉತ್ತರಗಳಲ್ಲಿ ಒಂದನ್ನಾದರೂ ಕೇಳದೆ ಮನೆಗೆ ಮರಳಿದ ಪುಣ್ಯವಂತರು ವಿರಳ. ಕಂಪ್ಯೂಟರು ಬಂದ ಮೇಲೆ ಅದರೊಳಗೆ ಕೂಡಿಡುವ ಬರಹದ ಕಟ್ಟಿಗೂ ಕನ್ನಡದಲ್ಲಿ ಅದೇ ಹೆಸರು ನಿಂತಿತು. ಆದರೆ ಮೂಲದಲ್ಲಿ ಕಡತವೆಂದರೆ ಏನು, ಅದರ ಬಣ್ಣ ಯಾವುದಾಗಿತ್ತು ಎಂದು ಕೇಳಿದರೆ ಹೇಳಬಲ್ಲವರು ಈಗ ಕಡಿಮೆ. ಅದು ಕಪ್ಪಗಿತ್ತು; ಅದರ ಮೇಲಿನ ಅಕ್ಷರ ಬೆಳ್ಳಗಿತ್ತು. ಮೊಬೈಲಿನ ತೆರೆಯನ್ನು ಕಪ್ಪಾಗಿಸಿ, ಬಿಳಿಯ ಅಕ್ಷರಗಳನ್ನು ಓದುತ್ತ, ಇದು ‘ಡಾರ್ಕ್ ಮೋಡ್’ ಎಂಬ ಹೊಸ ಸೌಕರ್ಯವೆಂದು ಹೇಳುವ ನಮ್ಮ ತರುಣರಿಗೆ, “ನೀವು ಹಳೆಯ ಶಾನುಭೋಗರ ಪದ್ಧತಿಗೇ ಮರಳಿದ್ದೀರಿ” ಎಂದರೆ ನಕ್ಕಾರು. ಆದರೂ ಮಾತು ಸುಳ್ಳಲ್ಲ.

ಕಡತವನ್ನು ಮಾಡುತ್ತಿದ್ದ ಕ್ರಮ ಸರಳವಾದುದು. ಗಟ್ಟಿಯಾದ ಬಟ್ಟೆಯನ್ನು ತೆಗೆದುಕೊಂಡು, ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಬೆರೆಸಿ, ಅದನ್ನು ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಬಟ್ಟೆ ಹಲಗೆಯಂತೆ ಬಿರುಸಾಗುತ್ತಿತ್ತು. ಆ ಮೇಲೆ ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿದರೆ ಪುಸ್ತಕದ ಆಕಾರ ಬರುತ್ತಿತ್ತು. ಬರೆಯಲು ಬಳಪ. ಬಳಪವೆಂದರೆ ಮೆತು ಕಲ್ಲು. ಬೇಲೂರು ಹಳೆಯಬೀಡುಗಳ ಶಿಲ್ಪಿಗಳು ಕಡೆದ ಶಿಲೆಯನ್ನೂ ನಾವು ‘ಬಳಪದ ಕಲ್ಲು’ ಎಂದೇ ಕರೆಯುತ್ತೇವೆ. ಬರೆದುದು ಬೇಡವಾದರೆ ಒರೆಸಿ, ಪುನಃ ಕಪ್ಪು ಬಳಿದು, ಮತ್ತೆ ಬರೆಯಬಹುದಾಗಿತ್ತು. ವರ್ತಕರ ಲೆಕ್ಕ, ಗ್ರಾಮದ ಕಂದಾಯ, ಮಠಗಳ ಆಯವ್ಯಯ ಎಲ್ಲವೂ ಇಂಥ ಕಡತಗಳನ್ನು ಸೇರುತ್ತಿದ್ದುವು. ಶೃಂಗೇರಿಯ ಮಠದಲ್ಲಿ ಉಳಿದು ಬಂದಿರುವ ಕಡತಗಳು ಚರಿತ್ರಕಾರರಿಗೆ ಇಂದಿಗೂ ಆಕರವಾಗಿವೆ. ಅರಿವೆಯ ಮೇಲೆ ಬರೆಯುವುದು ಈ ದೇಶದಲ್ಲಿ ಎಷ್ಟು ಹಳೆಯದೆಂದರೆ, ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನು ಭಾರತೀಯರು ಚೆನ್ನಾಗಿ ಬಡಿದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆಂದು ಹೇಳಿದುದನ್ನು ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಕಾರ ದಾಖಲಿಸಿದ್ದಾನೆ.

ಇದರ ಪಕ್ಕದಲ್ಲೇ ಓಲೆಗರಿಯ ಪದ್ಧತಿಯೂ ನಡೆದು ಬಂದಿತು. ಅಲ್ಲಿ ನೆಲ ತಿಳಿಯ ಬಣ್ಣದ್ದು, ಅಕ್ಷರ ಕಪ್ಪು. ಕಂಟದಿಂದ ಕೊರೆದ ಅಕ್ಷರ ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಅದಕ್ಕೆ ಮಸಿಯನ್ನು ಎಣ್ಣೆಯೊಡನೆ ಸೇರಿಸಿ ಗರಿಯ ಮೇಲೆ ತಿಕ್ಕಿ ಒರೆಸಿದರೆ, ಕೊರೆದ ಗೆರೆಗಳಲ್ಲಿ ಕಪ್ಪು ನಿಂತು ಅಕ್ಷರ ಮೂಡುತ್ತದೆ. ಹೀಗೆ ಬಾಳಬೇಕಾದ ಕಾವ್ಯ ಶಾಸ್ತ್ರಗಳಿಗೆ ಓಲೆ, ದಿನದಿನದ ಲೆಕ್ಕಕ್ಕೆ ಕಡತ, ಮಕ್ಕಳ ಕೈಗೆ ಮುಂದೆ ಸ್ಲೇಟು, ಉಪಾಧ್ಯಾಯರ ಬೆನ್ನ ಹಿಂದೆ ಕರಿಹಲಗೆ. ಯಾವುದು ಮೇಲು, ಯಾವುದು ಕೀಳು ಎಂಬ ಚರ್ಚೆ ನಮ್ಮ ಹಿರಿಯರಲ್ಲಿ ನಡೆದಂತೆ ತೋರುವುದಿಲ್ಲ. ನೆಲಕ್ಕೂ ಅಕ್ಷರಕ್ಕೂ ಅಂತರ ಚೆನ್ನಾಗಿರಬೇಕು, ಓದುವವನ ಕಣ್ಣಿಗೆ ಅಕ್ಷರ ಬೀಳಬೇಕು. ಇಷ್ಟೇ ಅವರ ನಿಯಮ.

ಕಾಗದ ಅಗ್ಗವಾಗಿ, ಮುದ್ರಣ ಹರಡಿದ ಮೇಲೆ ಕರಿಯ ಮಸಿ ಬಿಳಿಯ ಹಾಳೆಗಳೇ ಓದಿನ ಲೋಕವನ್ನು ಆಳಿದುವು. ಕಣ್ಣಿನ ಪರೀಕ್ಷೆಯೂ ಅದನ್ನೇ ಅನುಸರಿಸಿತು. ೧೮೬೨ರಲ್ಲಿ ಹಾಲೆಂಡಿನ ಯೂಟ್ರೆಕ್ಟ್ ನಗರದ ವೈದ್ಯ ಹರ್ಮನ್ ಸ್ನೆಲೆನ್ ಪ್ರಕಟಿಸಿದ ಅಕ್ಷರಗಳ ಪಟ್ಟಿ, ಅಂದರೆ ಮೇಲಿನ ಸಾಲು ದಪ್ಪ, ಕೆಳಗಿಳಿದಂತೆ ಸಣ್ಣ ಎಂಬ ಆ ಫಲಕ, ಇಂದಿಗೂ ಕನ್ನಡಕದ ಅಂಗಡಿಯ ಗೋಡೆಯ ಮೇಲಿದೆ. ಅದೂ ಬಿಳಿಯ ಮೇಲೆ ಕಪ್ಪೇ. ಆದರೆ ಈ ಜೋಡಿ ನಿಜವಾಗಿಯೂ ಕಣ್ಣಿಗೆ ಹಿತವೇ ಅಥವಾ ಬರಿಯ ಅಭ್ಯಾಸಬಲವೇ ಎಂದು ಅಳೆದು ನೋಡಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ಪ್ಯಾಟರ್ಸನ್ ಮತ್ತು ಮೈಲ್ಸ್ ಟಿಂಕರ್. ೧೯೩೧ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಬಿಳಿಯ ಮೇಲಿನ ಕರಿಯ ಅಕ್ಷರವನ್ನು ಜನ ಶೇಕಡ ಹತ್ತರಷ್ಟು ಹೆಚ್ಚು ವೇಗವಾಗಿ ಓದಿದರೆಂದು ಕಂಡುಬಂದಿತು. ಪ್ರಶ್ನೆ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದರು.

ಹೀಗಿರಲು, ಕಪ್ಪು ನೆಲವನ್ನು ಮತ್ತೆ ತಂದುದು ಯಾವ ಕಣ್ಣಿನ ವೈದ್ಯನೂ ಅಲ್ಲ. ಒಂದು ಗಾಜಿನ ಬುರುಡೆ. ೧೮೯೭ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ ರೂಪಿಸಿದ ಕ್ಯಾಥೋಡ್ ಕಿರಣದ ನಳಿಗೆಯೇ ಮುಂದೆ ದೂರದರ್ಶನಕ್ಕೂ ಕಂಪ್ಯೂಟರಿಗೂ ಮುಖವಾಯಿತು. ಈ ನಳಿಗೆಯ ತೆರೆ ಸ್ವಭಾವತಃ ಕತ್ತಲೆ. ಎಲೆಕ್ಟ್ರಾನುಗಳ ಕಿರಣ ತಗುಲಿದ ಕಡೆ ಮಾತ್ರ ಬೆಳಕು ಹೊಮ್ಮುತ್ತದೆ. ಆದುದರಿಂದ ಅಕ್ಷರವನ್ನು ಬೆಳಗಿಸಿ ಉಳಿದುದನ್ನು ಕಪ್ಪಾಗಿ ಬಿಡುವುದೇ ಸುಲಭ. ಇಡೀ ತೆರೆಯನ್ನು ಬೆಳಗಿಸಿದರೆ ಅದರ ಮಿನುಗಾಟ ಕಣ್ಣನ್ನು ಕಾಡುತ್ತಿತ್ತು. ೧೯೭೦ರ ದಶಕದಲ್ಲಿ ಬ್ಯಾಂಕು, ವಿಮಾನ ಕಂಪನಿ ಮೊದಲಾದ ಕಡೆ ಕುಳಿತ ಐ.ಬಿ.ಎಂ. ಯಂತ್ರಗಳ ಹಸುರು ಅಕ್ಷರಗಳನ್ನು ಹಳಬರು ಮರೆತಿರಲಾರರು. ಇಷ್ಟಾದರೂ ಓದುವವನ ಇಷ್ಟವನ್ನು ನೆನೆದವರು ಆಗಲೂ ಇದ್ದರು. ೧೯೭೮ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ ಹೊರತಂದ ವಿಟಿ-೧೦೦ ಎಂಬ ತೆರೆಯಲ್ಲಿ, ಕತ್ತಲ ಮೇಲೆ ಬೆಳಕೋ ಬೆಳಕಿನ ಮೇಲೆ ಕತ್ತಲೋ ಎಂಬುದನ್ನು ಉಪಯೋಗಿಸುವವನೇ ಬದಲಿಸಿಕೊಳ್ಳುವ ಏರ್ಪಾಡಿತ್ತು.

ಇನ್ನೊಂದು ಕಡೆ, ಕಂಪ್ಯೂಟರಿನ ತೆರೆ ಕಾಗದದಂತೆಯೇ ಕಾಣಬೇಕೆಂಬ ಹಂಬಲ ಹುಟ್ಟಿತ್ತು. ಝೆರಾಕ್ಸ್ ಸಂಸ್ಥೆಯ ಕ್ಯಾಲಿಫೋರ್ನಿಯಾ ಸಂಶೋಧನಾಲಯದಲ್ಲಿ ೧೯೭೩ರಲ್ಲಿ ಸಿದ್ಧವಾದ ‘ಆಲ್ಟೊ’ ಯಂತ್ರದ ತೆರೆ ಬರೆಯುವ ಹಾಳೆಯಂತೆ ಉದ್ದುದ್ದವಾಗಿ ನಿಂತಿತ್ತು. ಅದರಲ್ಲಿ ಬಿಳಿಯ ಮೇಲೆ ಕರಿಯ ಅಕ್ಷರ ಮೂಡಿತು. ೧೯೮೪ರಲ್ಲಿ ಆ್ಯಪಲ್ ಸಂಸ್ಥೆಯ ಮ್ಯಾಕಿಂತೋಷ್ ಅದನ್ನು ಮನೆಮನೆಗೆ ಒಯ್ದಿತು. ತೆರೆಯ ಮೇಲೆ ಕಂಡುದೇ ಕಾಗದದ ಮೇಲೆ ಅಚ್ಚಾಗಬೇಕಲ್ಲವೇ? ಹೀಗೆ ಬಿಳಿಯ ಹಾಳೆ ಮತ್ತೆ ಗೆದ್ದಿತು. ಆದರೆ ಕಾಗದಕ್ಕೂ ತೆರೆಗೂ ಒಂದು ಭೇದವುಂಟು. ಕಾಗದ ಕೋಣೆಯ ಬೆಳಕನ್ನು ಹಿಂದಿರುಗಿಸುತ್ತದೆ. ದೀಪ ಮಂಕಾದರೆ ಅದೂ ಮಂಕಾಗುತ್ತದೆ. ತೆರೆಯಾದರೋ ತಾನೇ ದೀಪ. ರಾತ್ರಿ ಕತ್ತಲ ಕೋಣೆಯಲ್ಲಿ ಬಿಳಿಯ ತೆರೆಯನ್ನು ನೋಡುವವನು ಹಾಳೆಯನ್ನು ಓದುವುದಿಲ್ಲ, ದೀಪವನ್ನೇ ದಿಟ್ಟಿಸುತ್ತಾನೆ.

ಇಲ್ಲಿಯವರೆಗೆ ಬಂದ ಪ್ರಯೋಗಗಳಿಗೂ ಯಂತ್ರಗಳಿಗೂ ಒಂದು ಕೊರತೆಯಿತ್ತು. ಎಲ್ಲವೂ ನಿರೋಗಿಯಾದ ಕಣ್ಣನ್ನು ಎದುರಿಗಿಟ್ಟುಕೊಂಡೇ ನಡೆದುವು. ಪೂರ್ತಿ ಕುರುಡೂ ಅಲ್ಲದ, ಪೂರ್ತಿ ನೋಟವೂ ಇಲ್ಲದ ಲಕ್ಷಾಂತರ ಮಂದಿ ಈ ನಡುವೆ ಎಲ್ಲಿ ನಿಲ್ಲಬೇಕು? ಲೂಯಿ ಬ್ರೈಲನ ಚುಕ್ಕಿಗಳು ಅವರಿಗೆ ಬೇಕಿಲ್ಲ. ಸ್ನೆಲೆನನ ಸಾಲುಗಳು ಅವರಿಗೆ ಕಾಣುವುದಿಲ್ಲ. ಅವರಲ್ಲಿ ಒಬ್ಬನಾಗಿದ್ದ ಸ್ಯಾಮ್ಯುಯೆಲ್ ಜೆನೆನ್ಸ್ಕಿ ಎಂಬ ಗಣಿತಜ್ಞ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದನು. ಹುಟ್ಟಿದ ಹೊಸತರಲ್ಲೇ ಕಣ್ಣಿಗೆ ತಪ್ಪು ಔಷಧಿ ಬಿದ್ದು ಅವನ ದೃಷ್ಟಿ ಬಹುಪಾಲು ಹೋಗಿತ್ತು. ೧೯೬೦ರ ದಶಕದ ಕೊನೆಗೆ ಅವನೂ ಅವನ ಸಹೋದ್ಯೋಗಿಗಳೂ ಕೂಡಿ, ಟೆಲಿವಿಷನ್ ಕ್ಯಾಮರಾದ ಕೆಳಗೆ ಪುಸ್ತಕವನ್ನಿಟ್ಟು ತೆರೆಯ ಮೇಲೆ ದಪ್ಪಕ್ಷರದಲ್ಲಿ ಓದುವ ಸಲಕರಣೆಯನ್ನು ಕಟ್ಟಿದರು. ಇಂಥ ಸಲಕರಣೆಗಳಲ್ಲಿ ಕಪ್ಪು ಬಿಳಿಗಳನ್ನು ಅದಲುಬದಲು ಮಾಡುವ ಗುಂಡಿಯೂ ಬಂದಿತು. ಮಂದದೃಷ್ಟಿಯವರಲ್ಲಿ ಅನೇಕರು ಆ ಗುಂಡಿಯನ್ನು ಬಿಡಲೊಲ್ಲದೆ ಹೋದರು.

ಅದೇಕೆಂಬುದನ್ನು ವಿವರಿಸಿದುದು ಮತ್ತೆ ಮಿನೆಸೋಟ ವಿಶ್ವವಿದ್ಯಾನಿಲಯವೇ ಎಂಬುದು ಇತಿಹಾಸದ ಒಂದು ಸೊಗಸು. ಟಿಂಕರ್ ಮತ್ತು ಪ್ಯಾಟರ್ಸನ್ ಅವರ ಪ್ರಯೋಗದ ಅರ್ಧ ಶತಮಾನದ ತರುವಾಯ, ೧೯೮೫ರಲ್ಲಿ, ಗಾರ್ಡನ್ ಲೆಗ್ ಮತ್ತು ಅವರ ಸಂಗಡಿಗರು ಮಂದದೃಷ್ಟಿಯವರ ಓದನ್ನು ಅಳೆದರು. ಕಣ್ಣಿನ ಪೊರೆಯೇ ಮೊದಲಾದ ಕಾರಣಗಳಿಂದ ಕಣ್ಣಿನೊಳಗೆ ಮೋಡ ಕವಿದವರು ಕಪ್ಪಿನ ಮೇಲಿನ ಬಿಳಿಯ ಅಕ್ಷರವನ್ನು ಹೆಚ್ಚು ಚೆನ್ನಾಗಿ ಓದಿದರು. ಕಾರಣ ಹೀಗೆ: ಮಂಜು ಹಿಡಿದ ಗಾಜಿನ ಮೇಲೆ ಎದುರಿನ ಮೋಟಾರಿನ ದೀಪ ಬಿದ್ದರೆ ಗಾಜೆಲ್ಲ ಬೆಳ್ಳಗಾಗಿ ದಾರಿಯೇ ಕಾಣದಾಗುತ್ತದೆ. ಪೊರೆ ಬಂದ ಕಣ್ಣಿನಲ್ಲಿಯೂ ಅದೇ ಅವಸ್ಥೆ. ಬಿಳಿಯ ಹಾಳೆಯ ಬೆಳಕು ಒಳಗೆ ಚೆದರಿ, ಅಕ್ಷರದ ಕಪ್ಪಿನ ಮೇಲೂ ಹರಡಿ, ಅದನ್ನು ಬೂದಿಯಾಗಿಸುತ್ತದೆ. ನೆಲ ಕಪ್ಪಾದರೆ ಚೆದರುವ ಬೆಳಕೇ ಕಡಿಮೆ.

ಹಾಗಾದರೆ ೧೯೩೧ರ ಫಲಿತಾಂಶ ತಪ್ಪೇ? ತಪ್ಪಲ್ಲ. ಬೆಳಕು ಹೆಚ್ಚಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ. ಪಾಪೆ ಕಿರಿದಾದಷ್ಟೂ ಬಿಂಬ ಚೊಕ್ಕವಾಗುತ್ತದೆ. ಆದುದರಿಂದ ತಿಳಿಯಾದ ಕಣ್ಣಿಗೆ ಬಿಳಿಯ ನೆಲ ಅನುಕೂಲ. ಜರ್ಮನಿಯ ಡ್ಯುಸೆಲ್‌ಡಾರ್ಫಿನ ಸಂಶೋಧಕರು ೧೯೧೩ರಲ್ಲಲ್ಲ, ನಮ್ಮ ಕಾಲದ ೨೦೧೩ರಲ್ಲಿ, ಆಧುನಿಕ ತೆರೆಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿಯೂ ಯುವಕರು ವೃದ್ಧರೆನ್ನದೆ ಆರೋಗ್ಯವಂತ ಕಣ್ಣಿನವರಿಗೆಲ್ಲ ಕರಿಯ ಅಕ್ಷರವೇ ಮೇಲೆಂದು ಕಂಡರು. ಅಸ್ಟಿಗ್ಮಾಟಿಸಂ ಇರುವವರಿಗೆ ಕತ್ತಲ ಮೇಲಿನ ಬಿಳಿಯ ಅಕ್ಷರದ ಅಂಚು ಕದಡಿದಂತೆ, ಸುತ್ತ ಪ್ರಭೆ ಹಬ್ಬಿದಂತೆ ತೋರುವುದೂ ಉಂಟು. ನಮ್ಮ ಲಿಪಿಯಲ್ಲಿ ಇದು ಸಣ್ಣ ಮಾತಲ್ಲ. ‘ದ’ಕಾರ ‘ಧ’ಕಾರಗಳನ್ನು ಬೇರ್ಪಡಿಸುವುದು ಹೊಟ್ಟೆಯ ಕೆಳಗಿನ ಒಂದು ಸೀಳು ಮಾತ್ರ, ಒತ್ತಕ್ಷರವಾದರೋ ಮೂಲಾಕ್ಷರಕ್ಕಿಂತ ಕಿರಿದಾಗಿ ಸಾಲಿನ ಕೆಳಗೆ ನೇತಾಡುತ್ತದೆ. ಅಂಚು ಕದಡಿದರೆ ‘ದನ’ಕ್ಕೂ ‘ಧನ’ಕ್ಕೂ ವ್ಯತ್ಯಾಸ ಉಳಿಯದು. ಒಟ್ಟಿನಲ್ಲಿ ಒಂದು ಕಣ್ಣಿಗೆ ಅಮೃತವಾದುದು ಇನ್ನೊಂದಕ್ಕೆ ಅಪಥ್ಯ. ಇದೇ ಈ ಎಲ್ಲ ಸಂಶೋಧನೆಯ ಸಾರ.

ಈ ಸತ್ಯವನ್ನು ಅಂತರಜಾಲದ ಮೂಲಪುರುಷರು ಮೊದಲೇ ಬಲ್ಲವರಂತೆ ನಡೆದರು. ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಜಾಲದ ಕಲ್ಪನೆಯನ್ನು ಮುಂದಿಟ್ಟಾಗ, ಅದರಲ್ಲಿ ಬರಹವೇ ಮುಖ್ಯವಾಗಿತ್ತು; ಅಕ್ಷರದ ಬಣ್ಣ ಗಾತ್ರಗಳು ಓದುವವನ ಯಂತ್ರಕ್ಕೆ ಬಿಟ್ಟ ವಿಷಯವಾಗಿದ್ದುವು. ೧೯೯೪ರಲ್ಲಿ ನಾರ್ವೆಯ ಹೋಕನ್ ವಿಯಮ್ ಲೀ, ಪುಟಗಳ ಅಲಂಕಾರಕ್ಕಾಗಿ ಒಂದು ಪದ್ಧತಿಯನ್ನು ಸೂಚಿಸಿದನು. ಬರೆದವನ ಇಚ್ಛೆಯೂ ಓದುವವನ ಇಚ್ಛೆಯೂ ಒಂದರ ಮೇಲೊಂದು ಇಳಿದು ಬಂದು ಸಂಧಿಯಾಗಬೇಕೆಂಬುದು ಅದರ ತತ್ತ್ವ. ೧೯೯೬ರ ಡಿಸೆಂಬರಿನಲ್ಲಿ ಅದು ಜಾಲದ ನಿಯಮವಾಯಿತು. ಓದುವವನಿಗೆ ಕಾಣದಿದ್ದರೆ ಬಣ್ಣವನ್ನು ತಾನೇ ಬದಲಿಸಿಕೊಳ್ಳುವ ಹಕ್ಕು ಹೀಗೆ ತತ್ತ್ವದಲ್ಲಿ ಮೊದಲಿನಿಂದಲೂ ಇದೆ. ಅದರ ಹಿಂದಿನ ವರ್ಷ ಬಂದ ವಿಂಡೋಸ್ ೯೫ರಲ್ಲಿಯೂ ಕಪ್ಪುಬಿಳಿಗಳ ಅಂತರವನ್ನು ಹೆಚ್ಚಿಸುವ ಏರ್ಪಾಡು ಸೇರಿತ್ತು.

ಆದರೆ ಹಕ್ಕು ಗ್ರಂಥದಲ್ಲಿದ್ದ ಮಾತ್ರಕ್ಕೆ ಆಚರಣೆಗೆ ಬರುವುದೇ? ಅಂಗಡಿ, ಬ್ಯಾಂಕು, ಪತ್ರಿಕೆ, ಸರ್ಕಾರ ಎಲ್ಲವೂ ಜಾಲಕ್ಕೆ ಬಂದಾಗ, ಪುಟದ ಅಂದವನ್ನು ರೂಪಿಸುವವರ ಕೈ ಮೇಲಾಯಿತು. ಬಿಳಿಯ ಮೇಲೆ ತಿಳಿಬೂದಿಯ ಸಣ್ಣ ಅಕ್ಷರ ನಾಗರಿಕತೆಯ ಗುರುತೆನಿಸಿತು. ಇಪ್ಪತ್ತೈದರ ವಯಸ್ಸಿನವರು ಒಳ್ಳೆಯ ತೆರೆಯ ಮುಂದೆ ಕುಳಿತು ಮಾಡಿದ ಪುಟವನ್ನು ಎಪ್ಪತ್ತೈದರವರು ಬಿಸಿಲಿನಲ್ಲಿ ನಿಂತು ಅಗ್ಗದ ಮೊಬೈಲಿನಲ್ಲಿ ಓದಬೇಕಾಯಿತು. ಇದನ್ನು ತಡೆಯಲೆಂದು ಜಾಲದ ನಿಯಾಮಕ ಒಕ್ಕೂಟವು ೧೯೯೭ರಲ್ಲಿ ಒಂದು ವಿಭಾಗವನ್ನು ತೆರೆದು, ೧೯೯೯ರ ಮೇ ತಿಂಗಳಲ್ಲಿ ಮೊದಲ ಸೂತ್ರಗಳನ್ನೂ, ೨೦೦೮ರ ಡಿಸೆಂಬರಿನಲ್ಲಿ ಎರಡನೆಯ ಆವೃತ್ತಿಯನ್ನೂ ಹೊರಡಿಸಿತು. ಈ ಎರಡನೆಯದರಲ್ಲಿ ಕಣ್ಣಳತೆಯ ಮಾತಿಲ್ಲ, ಲೆಕ್ಕವಿದೆ. ಅಚ್ಚ ಬಿಳುಪಿಗೂ ಅಚ್ಚ ಕಪ್ಪಿಗೂ ಇರುವ ಅಂತರವನ್ನು ೨೧ಕ್ಕೆ ೧ ಎಂದಿಟ್ಟುಕೊಂಡರೆ, ಸಾಮಾನ್ಯ ಅಕ್ಷರಕ್ಕೂ ನೆಲಕ್ಕೂ ಕಡೆಯ ಪಕ್ಷ ೪.೫ಕ್ಕೆ ೧, ದಪ್ಪಕ್ಷರಕ್ಕೆ ೩ಕ್ಕೆ ೧ ಇರಬೇಕು. ಈ ೪.೫ ಎಲ್ಲಿಂದ ಬಂದಿತು? ಸುಮಾರು ಎಂಬತ್ತರ ವಯಸ್ಸಿನವರ ದೃಷ್ಟಿ ಸಾಮಾನ್ಯವಾಗಿ ೬/೧೨ರಷ್ಟಿರುತ್ತದೆ. ಅಂಥವರಿಗೆ, ಒಳ್ಳೆಯ ಕಣ್ಣಿಗೆ ಸಾಕಾಗುವ ೩ರ ಅಂತರವನ್ನು ಒಂದೂವರೆ ಪಾಲು ಹೆಚ್ಚಿಸಬೇಕು. ಸೂತ್ರದ ಹಿಂದೆ ಹೀಗೆ ಒಬ್ಬ ಅಜ್ಜಿ ಕುಳಿತಿದ್ದಾಳೆ.

ಅದೇ ಸೂತ್ರಗಳಲ್ಲಿ ಇನ್ನೊಂದು ಮಾತಿದೆ: ಬಣ್ಣವೊಂದರಿಂದಲೇ ಯಾವ ವಿಷಯವನ್ನೂ ಹೇಳಬಾರದು. ಇದರ ಮೂಲ ಬಹಳ ಹಿಂದಕ್ಕೆ ಹೋಗುತ್ತದೆ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ತನಗೆ ಕೆಂಪು ಹಸುರುಗಳು ಇತರರಂತೆ ಕಾಣುವುದಿಲ್ಲವೆಂದು ೧೭೯೪ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದೆ ಓದಿದ ಪ್ರಬಂಧವೇ ವರ್ಣಾಂಧತೆಯ ಶಾಸ್ತ್ರಕ್ಕೆ ನಾಂದಿ. ತನ್ನ ಕಣ್ಣಿನೊಳಗಿನ ದ್ರವವೇ ನೀಲಿಯಾಗಿರಬೇಕೆಂದು ಅವನು ಊಹಿಸಿ, ಸತ್ತ ಮೇಲೆ ಪರೀಕ್ಷಿಸಲು ಹೇಳಿದ್ದನು. ೧೮೪೪ರಲ್ಲಿ ಪರೀಕ್ಷಿಸಿದಾಗ ದ್ರವ ತಿಳಿಯಾಗಿಯೇ ಇತ್ತು. ಕಾಪಾಡಿಟ್ಟಿದ್ದ ಆ ಕಣ್ಣಿನ ಅಂಶದಿಂದಲೇ ೧೯೯೫ರಲ್ಲಿ ವಿಜ್ಞಾನಿಗಳು ಅವನ ದೋಷದ ನಿಜವಾದ ಕಾರಣವನ್ನು ವಂಶವಾಹಿಯಲ್ಲಿ ಕಂಡುಹಿಡಿದರು. ಅರ್ಜಿಯಲ್ಲಿ ತಪ್ಪಿದ ಜಾಗವನ್ನು ಕೆಂಪು ಗೆರೆಯಿಂದ ಮಾತ್ರ ತೋರಿಸುವ ಜಾಲತಾಣದ ಮುಂದೆ ಇಂದು ಡಾಲ್ಟನನನ್ನು ಕೂರಿಸಿದರೆ, ಆ ಮಹಾವಿಜ್ಞಾನಿಯೂ ಕೈಚೆಲ್ಲಿ ಕೂರಬೇಕಾದೀತು.

ಇಷ್ಟೆಲ್ಲ ಆದ ಮೇಲೆ ೨೦೧೮ರಲ್ಲಿ ಆ್ಯಪಲ್ ಸಂಸ್ಥೆಯ ಕಂಪ್ಯೂಟರುಗಳಿಗೂ, ೨೦೧೯ರಲ್ಲಿ ಐಫೋನು ಆಂಡ್ರಾಯಿಡುಗಳಿಗೂ ಕಪ್ಪು ತೆರೆಯ ಆಯ್ಕೆ ಬಂದು ಜನಪ್ರಿಯವಾಯಿತು. ಓದುವವನು ಕಪ್ಪನ್ನು ಬಯಸಿದ್ದಾನೆಂಬುದನ್ನು ಯಂತ್ರವು ಜಾಲತಾಣಕ್ಕೆ ತಿಳಿಸುವ ಸಂಕೇತವೂ ಬಳಕೆಗೆ ಬಂದಿತು. ಇದನ್ನು ಕೊಂಡಾಡಿದವರಲ್ಲಿ ಹೆಚ್ಚಿನವರು ಮಂದದೃಷ್ಟಿಯವರನ್ನು ನೆನೆದವರಲ್ಲ. ಅಂದಕ್ಕೆ ಮರುಳಾದವರು, ಬ್ಯಾಟರಿ ಉಳಿಯುತ್ತದೆಂದು ನಂಬಿದವರು. ಈಗಿನ ಓಎಲ್ಇಡಿ ತೆರೆಯಲ್ಲಿ ಕಪ್ಪು ಚುಕ್ಕಿಗೆ ವಿದ್ಯುತ್ತು ಬೇಡವೆಂಬುದು ದಿಟ. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ೨೦೨೧ರಲ್ಲಿ ಅಳೆದು ನೋಡಿದಾಗ, ತೆರೆಯ ಬೆಳಕನ್ನು ಪೂರ್ತಿ ಏರಿಸಿದಾಗ ಶೇಕಡ ೪೦ರ ಆಸುಪಾಸಿನ ಉಳಿತಾಯ ಕಂಡರೂ, ಮನೆಯೊಳಗಿನ ಸಾಮಾನ್ಯ ಬೆಳಕಿನಲ್ಲಿ ಅದು ಶೇಕಡ ೩ರಿಂದ ೯ರಷ್ಟೇ ಎಂದು ತಿಳಿಯಿತು. ಹೇಗೇ ಬರಲಿ, ಬಂದುದು ಒಳ್ಳೆಯದೇ. ಅಂದಕ್ಕಾಗಿ ಬಂದ ಸೌಕರ್ಯ ಕಣ್ಣು ಮಸುಕಾದವರಿಗೂ ದಕ್ಕಿತು.

ದಕ್ಕಿತೆಂದೆನಾದರೂ ಪೂರ್ತಿ ದಕ್ಕಿಲ್ಲ. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ನಲವತ್ತು ವರ್ಷ ಕರಿಹಲಗೆಯ ಮೇಲೆ ಬರೆದವರು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ. ಮೊಮ್ಮಗಳು ಅವರ ಮೊಬೈಲಿನ ತೆರೆಯನ್ನು ಕಪ್ಪಾಗಿಸಿ ಕೊಟ್ಟ ದಿನ, “ನೋಡಮ್ಮ, ನನ್ನ ಹಲಗೆ ವಾಪಸು ಬಂತು” ಎಂದು ಹಿಗ್ಗಿದರು. ಮರುವಾರ ಪಿಂಚಣಿಯ ಸಂಬಂಧವಾದ ಒಂದು ಪುಟವನ್ನು ತೆರೆದರೆ, ನೆಲ ಕಪ್ಪಾಗಿತ್ತು, ಅಕ್ಷರವೂ ಕಪ್ಪಾಗಿಯೇ ಉಳಿದಿತ್ತು! ನೆಲದ ಬಣ್ಣವನ್ನು ಬದಲಿಸಿದವರು ಅಕ್ಷರದ ಬಣ್ಣವನ್ನು ಬದಲಿಸಲು ಮರೆತಿದ್ದರು. ಏನೂ ಬರೆಯದ ಹಲಗೆಯ ಮುಂದೆ ನಿಂತ ಹುಡುಗನಂತಾಯಿತು ಅವರ ಪಾಡು. ಕೊನೆಗೆ ಮೊಮ್ಮಗಳು ಶಾಲೆಯಿಂದ ಬರುವವರೆಗೆ ಕಾಯ್ದರು. ತನ್ನ ದುಡ್ಡಿನ ಲೆಕ್ಕವನ್ನು ತಾನೇ ಓದಲಾಗದೆ, ಅಂಕಿ, ಗುಪ್ತಸಂಖ್ಯೆಗಳನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಮುಪ್ಪಿನಲ್ಲಿ ಎಂಥ ಪರಾಧೀನತೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪರಾಧೀನತೆ ವೈಯಕ್ತಿಕ ದುರದೃಷ್ಟವಲ್ಲ, ಅನ್ಯಾಯ ಎಂದು ಕಾನೂನು ಒಪ್ಪಿದೆ. ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ೨೦೦೬ರ ಒಪ್ಪಂದವನ್ನು ಭಾರತ ೨೦೦೭ರಲ್ಲಿ ಅಂಗೀಕರಿಸಿತು. ಅದಕ್ಕನುಗುಣವಾದ ಅಧಿನಿಯಮ ೨೦೧೬ರಲ್ಲಿ ಆಯಿತು. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ನಿಯಮಗಳು ಬರಿಯ ಸಲಹೆಗಳಾಗಿರಕೂಡದು, ಕಡ್ಡಾಯವಾಗಬೇಕೆಂದು ತೀರ್ಪಿತ್ತಿತು. ೨೦೨೫ರ ಏಪ್ರಿಲ್ ೩೦ರಂದು, ಆಮ್ಲದಾಳಿಗೆ ತುತ್ತಾದವರೂ ದೃಷ್ಟಿಹೀನರೊಬ್ಬರೂ ತಂದ ಮೊಕದ್ದಮೆಗಳಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಅದೇ ನ್ಯಾಯಾಲಯ ಸಾರಿತು. ತೀರ್ಪು ಬಂದಿದೆ, ಪುಟಗಳು ಬದಲಾಗಬೇಕು.

ಕಪ್ಪೋ ಬಿಳಿಯೋ ಎಂಬ ವ್ಯಾಜ್ಯದಲ್ಲಿ ನಾನು ಯಾವ ಪಕ್ಷದವನೂ ಅಲ್ಲ. ಇತಿಹಾಸವೂ ಯಾವ ಪಕ್ಷವನ್ನೂ ವಹಿಸಿಲ್ಲ. ಹಳೆಯ ಕಾಲದಲ್ಲಿ ನೆಲದ ಬಣ್ಣವನ್ನು ಸಾಮಗ್ರಿ ನಿರ್ಧರಿಸುತ್ತಿತ್ತು: ಇದ್ದಿಲಾದರೆ ಕಪ್ಪು, ಕಾಗದವಾದರೆ ಬಿಳಿ. ಆ ಮೇಲೆ ಯಂತ್ರ ನಿರ್ಧರಿಸಿತು. ಬಳಿಕ ಅಂದಗಾರರು ನಿರ್ಧರಿಸಿದರು. ಈಗ ಮೊದಲ ಸಲ, ಒಂದೇ ಬರಹವನ್ನು ಒಬ್ಬನು ಓಲೆಯಂತೆಯೂ ಇನ್ನೊಬ್ಬನು ಕಡತದಂತೆಯೂ ಓದಬಹುದಾದ ಕಾಲ ಬಂದಿದೆ. ಅದಕ್ಕೆ ಬಂಗಾರ ಖರ್ಚಾಗಬೇಕಿಲ್ಲ. ಬರೆದವನು ತನ್ನ ಹಟವನ್ನು ಸ್ವಲ್ಪ ಸಡಿಲಿಸಿದರೆ ಸಾಕು. ಹುಣಿಸೆಬೀಜದ ಸರಿ ಕಲಸಿದ ಹಳ್ಳಿಯ ಶಾನುಭೋಗನಿಗೆ, ಬರೆದುದು ಓದಿಸಿಕೊಳ್ಳಬೇಕೆಂಬುದು ಗೊತ್ತಿತ್ತು. ಅವನ ಕಡತದ ಹೆಸರನ್ನು ಉಳಿಸಿಕೊಂಡ ನಾವು ಅವನ ವಿವೇಕವನ್ನೂ ಉಳಿಸಿಕೊಂಡರೆ, ನಮ್ಮ ಉಪಾಧ್ಯಾಯರು ಮೊಮ್ಮಗಳ ದಾರಿ ಕಾಯುವುದು ತಪ್ಪೀತು.